ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು: ನಾಪೋಕ್ಲು ಕಡೆಯ ಹಳೆಯ ಡೆಸ್ಕ್‌ಟಾಪ್

ಮಳೆಪಟ್ಟಿ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್ ಏಳುತ್ತಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಒಳಗೆ ಫ್ಯಾನ್ ತಿರುಗುತ್ತದೆ, ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ತೋರಿಸಿ ಮಲಗಿಬಿಡುತ್ತದೆ. ಕೆಲವೊಮ್ಮೆ ಸ್ವಲ್ಪ ಹೊತ್ತು ಓಡಿ, ತಾನೇ ಆರಿ, ತಾನೇ ಹೊತ್ತಿಕೊಳ್ಳುತ್ತದೆ.

ಯಂತ್ರವನ್ನು 2013ರಲ್ಲಿ ಮೈಸೂರಿನಲ್ಲಿ ಜೋಡಿಸಿಕೊಂಡದ್ದು. ಇಂಟೆಲ್ ಐ3, 4 ಜಿಬಿಯ ಎರಡು ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಕೆಲವು ವರ್ಷಗಳ ಹಿಂದೆ ಪರಿಚಯದ ಹುಡುಗನೊಬ್ಬ 240 ಜಿಬಿಯ ಎಸ್‌ಎಸ್‌ಡಿ ಹಾಕಿ ಅದರಲ್ಲಿ ವಿಂಡೋಸ್ 10 ಕೂರಿಸಿಕೊಟ್ಟ. ಕಡತಗಳೆಲ್ಲ ಹಳೆಯ ಹಾರ್ಡ್‌ಡಿಸ್ಕ್‌ನಲ್ಲೇ ಇವೆ.

ಗಾಳಿಮಳೆಗೆ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಉರುಳಿ ಬಹಳ ದಿನ ಕರೆಂಟ್ ಇರಲಿಲ್ಲ. ಸಿಡಿಲಿಗೆ ಹೆದರಿ ಅದಕ್ಕೂ ಮೊದಲೇ ಪ್ಲಗ್ ಕಿತ್ತಿಟ್ಟಿದ್ದೆವು. ಕರೆಂಟ್ ಬಂದ ಮೇಲೆ ಹಾಕಿದರೆ ಈ ಅವತಾರ. ಪೇಟೆಯ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, ಯಂತ್ರದ ಮುಖವನ್ನೂ ನೋಡದೆ, ಮದರ್‌ಬೋರ್ಡ್ ಹೋಗಿರಬೇಕು, ಇಲ್ಲವಾದರೆ ಫಾರ್ಮ್ಯಾಟ್ ಮಾಡಬೇಕು, ತಂದುಕೊಡಿ ಎಂದರು.

ಫಾರ್ಮ್ಯಾಟ್ ಎಂಬ ಮಾತು ಕೇಳಿದರೇ ನನಗೆ ಕೈಕಾಲು ಆಡುವುದಿಲ್ಲ. ಅಪ್ಪ ದಿನವೂ ಬೆಳಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ ಎಂದು ಬರೆದಿಟ್ಟ ಲೆಕ್ಕವನ್ನೆಲ್ಲ ನಾನು ಅದರಲ್ಲಿ ಟೈಪ್ ಮಾಡಿಟ್ಟಿದ್ದೇನೆ. ಆ ನೋಟ್‌ಬುಕ್‌ಗಳಲ್ಲಿ ಕೆಲವನ್ನು ಗೆದ್ದಲು ತಿಂದು ಮುಗಿಸಿದೆ. ತೋಟದ ಲೆಕ್ಕ, ಕೂಲಿಯ ಪಟ್ಟಿ, ಪಾಲುಪಟ್ಟಿಯ ಕರಡು ಎಲ್ಲವೂ ಅಲ್ಲೇ. ಎಲ್ಲಿಂದ ಶುರು ಮಾಡಲಿ?

ಏಲಕ್ಕಿಮಲೆ, ಸೋಮವಾರಪೇಟೆ

2013ರ ಯಂತ್ರಕ್ಕೆ ಇಷ್ಟು ಉಪಚಾರ ಏಕೆ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಆ ಕಾಲದ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದೂ ಇಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿಕೊಳ್ಳಿ, ಹೊಸ ಲ್ಯಾಪ್‌ಟಾಪ್ ಕೊಳ್ಳಿ.

ಹಳೆಬೆಸುಗೆ, ವಿರಾಜಪೇಟೆ

ಹೊಸದನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಕರಿಮೆಣಸು ಮಾರಿದ ಮೇಲೆ ಕೊಳ್ಳಲಿ. ಈಗ ರೋಗ ಏನೆಂದು ನೋಡೋಣ.

ಮೊದಲನೆಯ ಮಾತು. ಫ್ಯಾನ್ ತಿರುಗಿದ ಮಾತ್ರಕ್ಕೆ ಎಲ್ಲವೂ ಸರಿ ಇದೆ ಎಂದಲ್ಲ. ಫ್ಯಾನ್‌ಗೆ 12 ವೋಲ್ಟ್ ಸಿಕ್ಕರೆ ಸಾಕು, ಅದು ತಿರುಗುತ್ತಲೇ ಇರುತ್ತದೆ. ಪ್ರೊಸೆಸರ್‌ಗೆ, ರ‍್ಯಾಮ್‌ಗೆ ಬೇರೆ ಬೇರೆ ಮಟ್ಟದ ವೋಲ್ಟೇಜ್ ಬೇಕು. ತಾನು ಕೊಡುವ ವೋಲ್ಟೇಜ್‌ಗಳೆಲ್ಲ ಸ್ಥಿರವಾದವೆಂದು ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಎಲ್ಲಕ್ಕೂ ವಿದ್ಯುತ್ ಹಂಚುವ ಪೆಟ್ಟಿಗೆ) ‘ಪವರ್ ಗುಡ್’ ಎಂಬ ಸಂಕೇತ ಕೊಡುವ ತನಕ ಬೋರ್ಡ್ ಕಣ್ಣು ಬಿಡುವುದಿಲ್ಲ. ಎರಡನೆಯ ಮಾತು. ಫಾರ್ಮ್ಯಾಟ್ ಎಂಬುದು ಡಿಸ್ಕ್‌ಗೆ ಮಾಡುವ ಕೆಲಸ. ನಿಮ್ಮ ಯಂತ್ರ ಇನ್ನೂ ಡಿಸ್ಕ್ ಇದೆಯೋ ಇಲ್ಲವೋ ಎಂದು ನೋಡುವ ಹಂತಕ್ಕೇ ಬಂದಿಲ್ಲ. ಪರದೆಯಲ್ಲಿ ಒಂದು ಅಕ್ಷರವೂ ಮೂಡದ ಯಂತ್ರಕ್ಕೆ ಫೋನಿನಲ್ಲೇ ಫಾರ್ಮ್ಯಾಟ್ ಹೇಳಿದವರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ.

ಹೀಗೆ ಮಾಡಿ. ಪ್ಲಗ್ ಕಿತ್ತು ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿಯಿರಿ, ಉಳಿದ ವಿದ್ಯುತ್ ಇಳಿದುಹೋಗಲಿ. ಕ್ಯಾಬಿನೆಟ್ ತೆರೆಯಿರಿ. ಎರಡೂ ಡಿಸ್ಕ್‌ಗಳ ತಂತಿ ತೆಗೆದು ಡಿಸ್ಕ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಒಣಗಿದ ಕಡೆ ಇಡಿ. ಇನ್ನು ನಾವು ಏನು ಮಾಡಿದರೂ ನಿಮ್ಮ ಅಪ್ಪನ ಮಳೆಗೆ ತೊಂದರೆಯಿಲ್ಲ. ಪ್ರಿಂಟರ್, ಯುಎಸ್‌ಬಿ ಎಲ್ಲ ಕೀಳಿ. ಬೋರ್ಡ್, ಪ್ರೊಸೆಸರ್, ಒಂದು ರ‍್ಯಾಮ್, ಮಾನಿಟರ್, ಇಷ್ಟೇ ಇರಲಿ.

ಆಮೇಲೆ ಆ ಒಂದು ರ‍್ಯಾಮನ್ನೂ ತೆಗೆದು ಗುಂಡಿ ಒತ್ತಿ. ಬೋರ್ಡ್ ಜೀವಂತ ಇದ್ದರೆ ರ‍್ಯಾಮ್ ಇಲ್ಲವೆಂದು ಕೂಗಿಕೊಳ್ಳಬೇಕು. ಕೂಗಿತೋ ಇಲ್ಲವೋ ಬರೆಯಿರಿ. ಒಳಗೆ ಕಂಡದ್ದನ್ನೂ ಬರೆಯಿರಿ.

ಮಳೆಪಟ್ಟಿ, ನಾಪೋಕ್ಲು

ತೆರೆದೆ. ಹಿಂಬದಿಯ ತಗಡಿನ ಮೇಲೆ ಬಿಳಿ ಬೂಷ್ಟು. ಎಸ್‌ಎಂಪಿಎಸ್‌ನ ಜಾಲರಿಯ ಹತ್ತಿರ ಇರುವೆ ಮೊಟ್ಟೆಗಳ ರಾಶಿ, ಇರುವೆಗಳು ಮೊಟ್ಟೆ ಕಚ್ಚಿಕೊಂಡು ನನ್ನ ಕೈಮೇಲೇ ಓಡಿದವು. ಧೂಳು ಧೂಳಾಗಿಲ್ಲ, ತೇವ ಹೀರಿ ಕಂಬಳಿಯಂತೆ ಅಂಟಿಕೊಂಡಿದೆ. ರ‍್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿವೆ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿಯೇ ಇವೆ, ಉಬ್ಬಿಲ್ಲ, ಸೋರಿಲ್ಲ.

ರ‍್ಯಾಮ್ ಇಲ್ಲದೆ ಗುಂಡಿ ಒತ್ತಿದೆ. ಒಂದು ಸದ್ದೂ ಇಲ್ಲ. ಹಾಗಾದರೆ ಬೋರ್ಡ್ ಸತ್ತಿದೆಯೇ?

ಹಳೆಬೆಸುಗೆ, ವಿರಾಜಪೇಟೆ

ಕೂಗಲು ಬಾಯಿ ಇದೆಯೇ ಎಂದು ನೋಡಿದಿರಾ? ಬೋರ್ಡ್‌ನ ಮೂಲೆಯಲ್ಲಿ ನಾಲ್ಕು ಪಿನ್‌ಗಳ ಜಾಗಕ್ಕೆ ‘ಸ್ಪೀಕರ್’ ಎಂದು ಬರೆದಿರುತ್ತದೆ. ಅಲ್ಲಿ ಬೆರಳ ತುದಿಯಷ್ಟು ಕಪ್ಪು ಡಬ್ಬಿ ಇರಬೇಕು. ಜೋಡಿಸುವವರು ಅದನ್ನು ಹಾಕದೆ ಬಿಡುವುದೇ ಹೆಚ್ಚು. ಗುಜರಿಗೆ ಬಿದ್ದ ಯಾವ ಹಳೆಯ ಕ್ಯಾಬಿನೆಟ್‌ನಿಂದಲಾದರೂ ಕಿತ್ತು ತನ್ನಿ.

ಮಂಜಿನೂರು, ಮಡಿಕೇರಿ

ಇಷ್ಟು ತೇವ ಇದ್ದರೆ ಮೊದಲು ಒಣಗಿಸಿ. ನಮ್ಮಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟರೆ ಏನು ಬೇಕಾದರೂ ಒಣಗುತ್ತದೆ. ರೇಡಿಯೋ ಹಾಗೆ ಸರಿಯಾದದ್ದನ್ನು ನೋಡಿದ್ದೇನೆ.

ಹಳೆಬೆಸುಗೆ, ವಿರಾಜಪೇಟೆ

ಹಂದಿಮಾಂಸಕ್ಕೆ ಹೊಗೆ ಒಳ್ಳೆಯದು, ಮದರ್‌ಬೋರ್ಡ್‌ಗೆ ಅಲ್ಲ. ಹೊಗೆಯ ಮಸಿಯಲ್ಲಿ ಎಣ್ಣೆಯಂಶವೂ ಆಮ್ಲದ ಅಂಶವೂ ಇರುತ್ತವೆ. ಅದು ಸ್ಲಾಟ್‌ಗಳೊಳಗೆ ಕೂತರೆ ಈಗಿನ ಮಂಕು ಏನೂ ಅಲ್ಲ ಎನ್ನುವಂತಾಗುತ್ತದೆ. ಮೆತ್ತಗಿನ ಕುಂಚದಿಂದ ಧೂಳು ತೆಗೆದು, ಮೇಜಿನ ಫ್ಯಾನ್‌ನ ಗಾಳಿಗೆ ರಾತ್ರಿಯೆಲ್ಲ ಇಡಿ. ಬಟ್ಟೆಯ ಬೀರುವಿನಲ್ಲಿ ಬೂಷ್ಟು ಬಾರದಿರಲೆಂದು ಸಣ್ಣ ಬಲ್ಬ್ ಉರಿಸುತ್ತೀರಲ್ಲ, ಅಂಥದ್ದನ್ನು ಒಂದು ಮೊಳ ದೂರದಲ್ಲಿ ಉರಿಸಿದರೂ ಆದೀತು. ಅಕ್ಕಿ ಡಬ್ಬದಲ್ಲಿ ಹೂಳುವ ವಿದ್ಯೆ ಬೇಡ, ಹೊಟ್ಟು ಸ್ಲಾಟ್ ಸೇರುತ್ತದೆ.

ರ‍್ಯಾಮ್‌ನ ಹಲ್ಲುಗಳಿಗೆ ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರ್ ಸಾಕು. ಮಸಿ ಅಳಿಸುವ ಗಡಸು ರಬ್ಬರ್ ಚಿನ್ನದ ಲೇಪವನ್ನೇ ಕೆರೆದುಹಾಕುತ್ತದೆ. ಉಜ್ಜಿದ ಮೇಲೆ ರಬ್ಬರ್ ಪುಡಿ ಒರೆಸಿ. ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಇನ್ನೂ ಒಳ್ಳೆಯದು. ಕೊರೊನಾ ಕಾಲದ ಕೈ ತೊಳೆಯುವ ಸ್ಯಾನಿಟೈಸರ್ ಉಳಿದಿದೆಯೆಂದು ಅದನ್ನು ಹಚ್ಚಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ನಿಲ್ಲುತ್ತದೆ.

ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಇರುವೆಗಳನ್ನು ಹೊರಗಿನಿಂದಲೇ ಊದಿ ಓಡಿಸಿ.

ಟೈಪಿಂಗ್‌ಮೇಜು, ಗೋಣಿಕೊಪ್ಪ

ನಡುವೆ ಒಂದು ಪ್ರಶ್ನೆ. ನನ್ನ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಮಳೆಗಾಲದಲ್ಲಿ ಹೆಚ್ಚು. ಇದೂ ತೇವದಿಂದಲೇ?

ಹಳೆಬೆಸುಗೆ, ವಿರಾಜಪೇಟೆ

ತೇವದಿಂದಲ್ಲ, ಅರ್ಥಿಂಗ್ ಇಲ್ಲದ್ದರಿಂದ. ಎಸ್‌ಎಂಪಿಎಸ್‌ನ ಒಳಗೆ ತಂತಿಯ ವಿದ್ಯುತ್ ಗದ್ದಲ ಸೋಸುವ ಎರಡು ಪುಟ್ಟ ಕೆಪಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಕ್ಯಾಬಿನೆಟ್‌ಗೆ ಸೇರಿರುತ್ತವೆ. ಅರ್ಥ್ ತಂತಿ ತುಂಡಾಗಿದ್ದರೆ ಕ್ಯಾಬಿನೆಟ್ 230ರ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತದೆ. ಹರಿಯುವ ಕರೆಂಟ್ ಬಹಳ ಕಡಿಮೆ, ಆದ್ದರಿಂದ ಜುಮ್ಮೆನ್ನುವುದಷ್ಟೇ. ಒದ್ದೆ ಕಾಲಿದ್ದರೆ ಹೆಚ್ಚು ತಿಳಿಯುತ್ತದೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿಗೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಮುಂದೂಡಬೇಡಿ.

ಮಳೆಪಟ್ಟಿ, ನಾಪೋಕ್ಲು

ಸ್ಪೀಕರ್ ಸಿಕ್ಕಿತು, ಪಕ್ಕದ ಮನೆಯ ಅಟ್ಟದಲ್ಲಿದ್ದ ಕ್ಯಾಬಿನೆಟ್‌ನಿಂದ. ರ‍್ಯಾಮ್ ಇಲ್ಲದೆ ಗುಂಡಿ ಒತ್ತಿದರೆ ಉದ್ದುದ್ದ ಬೀಪ್, ನಿಲ್ಲದೆ. ಇಷ್ಟು ಕರ್ಕಶವಾದ ಸದ್ದು ಕೇಳಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಒಂದು ರ‍್ಯಾಮ್ ಉಜ್ಜಿ ಮೊದಲನೆಯ ಸ್ಲಾಟ್‌ಗೆ ಹಾಕಿದೆ, ಅದೇ ಬೀಪ್. ಎರಡನೆಯ ಸ್ಲಾಟ್‌ಗೆ ಬದಲಿಸಿ ಎರಡೂ ಕಡೆಯ ಕೊಕ್ಕೆ ಟಕ್ ಎನ್ನುವ ತನಕ ಒತ್ತಿದೆ. ಬೀಪ್ ನಿಂತಿತು. ಪರದೆಯ ಮೇಲೆ ಅಕ್ಷರ ಬಂತು! ಇನ್ನೊಂದು ರ‍್ಯಾಮ್ ಕೂಡ ಅದೇ ಸ್ಲಾಟ್‌ನಲ್ಲಿ ಕೆಲಸ ಮಾಡುತ್ತದೆ. ಅಂದರೆ ಮೊದಲನೆಯ ಸ್ಲಾಟ್‌ಗೇ ಏನೋ ಆಗಿದೆ.

ಪರದೆಯಲ್ಲಿ ಬಂದದ್ದು: ‘ಸಿಮೋಸ್ ಚೆಕ್‌ಸಮ್ ಎರರ್’. ಎಫ್1 ಒತ್ತಿ ಮುಂದುವರಿಯಿರಿ ಎಂದಿತ್ತು. ಆಸೆಗೆ ಬಿದ್ದು ಡಿಸ್ಕ್‌ಗಳನ್ನು ಜೋಡಿಸಿ ಎಫ್1 ಒತ್ತಿದೆ. ವಿಂಡೋಸ್‌ನ ಚಿಹ್ನೆ ಬಂದು, ಚುಕ್ಕಿಗಳು ತಿರುಗಿ, ನೀಲಿ ಪರದೆ: ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಮತ್ತೆ ಮತ್ತೆ ಅದೇ. ಈಗ ‘ಆಟೋಮ್ಯಾಟಿಕ್ ರಿಪೇರ್’ ಎಂದು ಬಂದು ‘ರೀಸೆಟ್ ದಿಸ್ ಪಿಸಿ’ ಎಂಬ ಆಯ್ಕೆ ಕೊಡುತ್ತಿದೆ. ಒತ್ತಲೇ?

ಪ್ರಯೋಗಾಲಯ, ಕುಶಾಲನಗರ

ಒತ್ತಬೇಡಿ. ದಯವಿಟ್ಟು ಯಂತ್ರ ಆರಿಸಿ ಇದನ್ನು ಓದಿ.

ನಾನು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುವವನು, ಈ ನೀಲಿ ಪರದೆ ನನಗೆ ನೆಂಟ. ವಿಂಡೋಸ್ ಹಾಳಾಗಿದೆ ಎಂದು ಅದು ಹೇಳುತ್ತಿಲ್ಲ. ತಾನಿರುವ ಡಿಸ್ಕ್‌ನ ಜೊತೆ ಮಾತಾಡುವ ದಾರಿ ಗೊತ್ತಾಗುತ್ತಿಲ್ಲ ಎನ್ನುತ್ತಿದೆ. ಇದಕ್ಕೂ ಅದರ ಹಿಂದಿನ ಸಿಮೋಸ್ ಸಂದೇಶಕ್ಕೂ ನಂಟಿದೆ ಎಂದು ನನ್ನ ಅನುಮಾನ. ಒಂದು ಪ್ರಶ್ನೆ: ಈ ಮಳೆಗಾಲಕ್ಕೆ ಮೊದಲೇ ಗಡಿಯಾರ, ದಿನಾಂಕ ತಪ್ಪುತ್ತಿತ್ತೇ?

ಮಳೆಪಟ್ಟಿ, ನಾಪೋಕ್ಲು

ತಪ್ಪುತ್ತಿತ್ತು! ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ 2013ಕ್ಕೆ ಹಿಂದಿರುಗುತ್ತಿತ್ತು. ಬ್ರೌಸರ್ ತೆರೆದರೆ ಎಲ್ಲ ತಾಣಗಳೂ ಅಸುರಕ್ಷಿತ ಎಂದು ಹೆದರಿಸುತ್ತಿತ್ತು. ಸಮಯ ಸರಿಪಡಿಸಿದರೆ ಸುಮ್ಮನಾಗುತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದು ಯಾರಿಗೆ ಹೊಳೆಯುತ್ತದೆ?

ಪ್ರಯೋಗಾಲಯ, ಕುಶಾಲನಗರ

ಸಂಬಂಧ ಇದೆ. ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇದೆ, ಸಿಆರ್2032, 3 ವೋಲ್ಟ್. ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಕಾಲ, ಯಂತ್ರ ಆರಿದ್ದರೂ, ಎಸ್‌ಎಂಪಿಎಸ್‌ನ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ಸಾಲಿನಿಂದಲೇ ಗಡಿಯಾರ ನಡೆಯುತ್ತದೆ. ಪ್ಲಗ್ ಕಿತ್ತಾಗ ಮಾತ್ರ ಭಾರವೆಲ್ಲ ಆ ನಾಣ್ಯದ ಮೇಲೆ. ಬೆಂಗಳೂರಿನಲ್ಲಿ ಸದಾ ಪ್ಲಗ್‌ಗೆ ಅಂಟಿಕೊಂಡಿರುವ ಯಂತ್ರದಲ್ಲಿ ಸತ್ತ ಬ್ಯಾಟರಿ ವರ್ಷಗಟ್ಟಲೆ ಬೆಳಕಿಗೆ ಬಾರದೇ ಇರಬಹುದು. ನಮ್ಮಲ್ಲಿ ಏಪ್ರಿಲ್‌ನ ಹೂಮಳೆಯ ಗುಡುಗಿನಿಂದ ಹಿಡಿದು ಮಳೆಯ ಕಕ್ಕಡ ತಿಂಗಳು ಮುಗಿಯುವ ತನಕ ಪ್ಲಗ್ ಕೀಳುವುದೇ ಅಭ್ಯಾಸ, ಮೇಲೆ ತಂತಿ ಹರಿದು ಕತ್ತಲೆ. ಆದ್ದರಿಂದ ಕೊಡಗಿನ ಯಂತ್ರಗಳ ನಾಣ್ಯ ಬೇಗ ಬರಿದಾಗುತ್ತದೆ, ಬರಿದಾದದ್ದು ಬೇಗ ಬಯಲಿಗೂ ಬರುತ್ತದೆ.

ನಾಣ್ಯ ಬರಿದಾದರೆ ಗಡಿಯಾರದ ಜೊತೆ ಸಿಮೋಸ್ ಎಂಬ ಪುಟ್ಟ ನೆನಪಿನಲ್ಲಿರುವ ಬಯಾಸ್‌ನ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಹೊಂದಿಕೆಗಳೂ ಅಳಿದು ಕಾರ್ಖಾನೆಯ ಮೂಲ ಸ್ಥಿತಿಗೆ ಬರಬಹುದು. ಆ ಕಾಲದ ಹಲವು ಬೋರ್ಡ್‌ಗಳಲ್ಲಿ ಡಿಸ್ಕ್‌ನ ಮೂಲ ಹೊಂದಿಕೆ ‘ಐಡಿಇ’, ಅಂದರೆ ಡಿಸ್ಕ್ ಜೊತೆ ಮಾತಾಡುವ ಹಳೆಯ ರೀತಿ. ಎಸ್‌ಎಸ್‌ಡಿ ಹಾಕಿಕೊಟ್ಟ ಹುಡುಗ ಬುದ್ಧಿವಂತ, ಅದನ್ನು ‘ಎಎಚ್‌ಸಿಐ’ ಎಂಬ ಹೊಸ ರೀತಿಗೆ ಬದಲಿಸಿ ಆಮೇಲೆ ವಿಂಡೋಸ್ ಹಾಕಿರುತ್ತಾನೆ. ವಿಂಡೋಸ್ ತನ್ನನ್ನು ಹಾಕುವಾಗ ಕಂಡ ದಾರಿಗೆ ಬೇಕಾದ ಚಾಲಕವನ್ನು ಮಾತ್ರ ಆರಂಭದಲ್ಲೇ ಎಬ್ಬಿಸುತ್ತದೆ. ಈಗ ದಾರಿ ಬದಲಾಗಿದೆ, ಆದ್ದರಿಂದ ನೀಲಿ ಪರದೆ.

ಆದರೆ ಅದನ್ನು ಸರಿಪಡಿಸುವುದು ಆಮೇಲೆ. ಯಂತ್ರ ಈಗ ಪರದೆ ತೋರಿಸುತ್ತಿದೆ, ಆದ್ದರಿಂದ ಮೊದಲು ಕಡತಗಳನ್ನು ಹೊರತೆಗೆಯೋಣ. 8 ಜಿಬಿಯ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್‌ನಂಥದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ) ಬರೆಸಿಕೊಳ್ಳಿ. ಗುಡ್ಡದ ನೆಟ್‌ವರ್ಕ್‌ನಲ್ಲಿ ಇಳಿಸಿಕೊಳ್ಳುವುದು ಕಷ್ಟವಾದರೆ ಪೇಟೆಗೆ ಬಂದಾಗ ಯಾರ ಲ್ಯಾಪ್‌ಟಾಪ್‌ನಲ್ಲಾದರೂ ರೂಫಸ್ ಎಂಬ ತಂತ್ರಾಂಶದಿಂದ ಮಾಡಿಸಿಕೊಳ್ಳಿ. ಯಂತ್ರ ಹಚ್ಚಿದ ಕೂಡಲೇ ಎಫ್12 ಒತ್ತಿ, ಕೆಲವದರಲ್ಲಿ ಎಫ್8 ಅಥವಾ ಎಫ್11. ಪೆನ್‌ಡ್ರೈವ್ ಆರಿಸಿ. ಏನನ್ನೂ ಸ್ಥಾಪಿಸದೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ನಡೆಯುತ್ತದೆ. ಲಿನಕ್ಸ್‌ಗೆ ಐಡಿಇ, ಎಎಚ್‌ಸಿಐ ಎರಡೂ ಒಂದೇ. ಹಾರ್ಡ್‌ಡಿಸ್ಕ್ ತೆರೆದು ಬೇರೆ ಡ್ರೈವ್‌ಗೆ ನಕಲು ಮಾಡಿ. ಬರೆಯಲು ಬಿಡದೆ ಓದಲು ಮಾತ್ರ ಬಿಟ್ಟರೆ ಗಾಬರಿ ಬೇಡ, ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಡಿಸ್ಕನ್ನು ಅರೆನಿದ್ರೆಯಲ್ಲಿ ಬಿಟ್ಟಿದ್ದರೆ ಹಾಗಾಗುತ್ತದೆ. ನಮಗೆ ಓದಿದರೆ ಸಾಕು.

ಏಲಕ್ಕಿಮಲೆ, ಸೋಮವಾರಪೇಟೆ

ಅಷ್ಟೆಲ್ಲ ಮಾಡುವ ಬದಲು ಹಾರ್ಡ್‌ಡಿಸ್ಕ್ ಕಿತ್ತು ಯುಎಸ್‌ಬಿ ಡಬ್ಬಿಗೆ ಹಾಕಿ ಬೇರೆ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಆಗುವುದಿಲ್ಲವೇ?

ಪ್ರಯೋಗಾಲಯ, ಕುಶಾಲನಗರ

ಆಗುತ್ತದೆ. 3.5 ಇಂಚಿನ ಡಿಸ್ಕ್‌ಗೆ ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಇರುವ ಡಬ್ಬಿ ಬೇಕು, ಲ್ಯಾಪ್‌ಟಾಪ್ ಡಿಸ್ಕ್‌ನ ಸಣ್ಣ ಡಬ್ಬಿ ಸಾಲದು. ಇನ್ನೊಂದು ಅಪಾಯ: ಬೇರೆ ವಿಂಡೋಸ್‌ಗೆ ಜೋಡಿಸಿದ ಕೂಡಲೇ ‘ಈ ಡಿಸ್ಕ್‌ನಲ್ಲಿ ತೊಂದರೆಯಿದೆ, ಸರಿಪಡಿಸಲೇ’ ಎಂದು ಅದು ಕೇಳಬಹುದು. ಹೌದು ಎಂದು ಒತ್ತುವವರೇ ಹೆಚ್ಚು. ಡಿಸ್ಕ್ ನಿಜವಾಗಿ ಸಾಯುತ್ತಿದ್ದರೆ ಆ ತಪಾಸಣೆಯ ಓಡಾಟವೇ ಅದರ ಕೊನೆಯ ಓಡಾಟವಾಗಬಹುದು.

ಮಳೆಪಟ್ಟಿ, ನಾಪೋಕ್ಲು

ಮಿಂಟ್ ಎದ್ದಿತು, ಹಾರ್ಡ್‌ಡಿಸ್ಕ್ ಕಂಡಿತು, ಕಡತಗಳೂ ಕಂಡವು. ಮಳೆಯ ಪಟ್ಟಿ ಸರಿಯಾಗಿ ತೆರೆಯಿತು, ಅದರಲ್ಲಿ ಬರಿಯ ಅಂಕಿ. ಆದರೆ ಪಾಲುಪಟ್ಟಿಯ ಕರಡು, ಸಂಘದ ನಡಾವಳಿ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರ, ಕೊಂಬು ಮೂಡಿದ ಅಕ್ಷರ, ಯಾವುದೋ ನಾಣ್ಯದ ಚಿಹ್ನೆ, ಎಲ್ಲ ಕಲಸುಮೇಲೋಗರ. ಕಡತ ಕೆಟ್ಟಿದೆಯೇ? ವೈರಸ್ಸೇ?

ಟೈಪಿಂಗ್‌ಮೇಜು, ಗೋಣಿಕೊಪ್ಪ

ಈ ಪ್ರಶ್ನೆ ನನ್ನದು, ಬೇರೆ ಯಾರೂ ಮುಟ್ಟಬೇಡಿ. ಕಡತಕ್ಕೆ ಏನೂ ಆಗಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಲ್ಲವೇ? ಕನ್ನಡ ಗಣಕ ಪರಿಷತ್ತು ಮಾಡಿದ ನುಡಿಯ ಹಳೆಯ ಫಾಂಟ್‌ಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದರ ಮೇಲೆ ಕನ್ನಡದ ರೂಪ ತೊಡಿಸುವುದು ಫಾಂಟ್. ಮಿಂಟ್‌ನಲ್ಲಿ ಆ ಫಾಂಟ್ ಇಲ್ಲ, ಬಟ್ಟೆ ಕಳಚಿ ನಿಂತಿದೆ, ಅಷ್ಟೆ. ನಕಲು ಮಾಡಿಕೊಳ್ಳಿ. ಜೊತೆಗೆ ವಿಂಡೋಸ್ ಡಿಸ್ಕ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿಯ ಫಾಂಟ್‌ಗಳನ್ನೂ ಎತ್ತಿಟ್ಟುಕೊಳ್ಳಿ.

ನನ್ನ ಅಂಗಡಿಗೆ ವರ್ಷವೂ ಇಂಥವರು ಬರುತ್ತಾರೆ. ಫಾರ್ಮ್ಯಾಟ್ ಮಾಡಿಸಿಕೊಂಡು ಬಂದು, ಅಕ್ಷರವೆಲ್ಲ ಹಾಳಾಗಿದೆ ಎಂದು ಹಳೆಯ ಕಡತಗಳನ್ನು ಅಳಿಸಿಯೇಬಿಟ್ಟವರಿದ್ದಾರೆ. ಅವರಿಗೆ ಬೇಕಿದ್ದದ್ದು ಒಂದು ಫಾಂಟ್. ಬಿಡುವಾದಾಗ ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ನುಡಿಯಲ್ಲೇ ಅದಕ್ಕೆ ಸೌಕರ್ಯವಿದೆ. ಅರ್ಕಾವತ್ತು ಬರುವ ಕಡೆ, ರ್ಯ ಬರುವ ಕಡೆ ಒಮ್ಮೆ ಕಣ್ಣಾಡಿಸಿ, ಪರಿವರ್ತನೆ ಅಲ್ಲಿ ಎಡವುವುದುಂಟು.

ಪ್ರಯೋಗಾಲಯ, ಕುಶಾಲನಗರ

ನಕಲು ಆಗುತ್ತಿರುವಾಗಲೇ ಮಿಂಟ್‌ನ ‘ಡಿಸ್ಕ್ಸ್’ ತೆರೆದು ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. 5 ಎಂಬ ಸಂಖ್ಯೆಯ ಸಾಲು (ಕೆಟ್ಟು ಬದಲಾಯಿಸಿದ ಭಾಗಗಳು), 197 ಎಂಬ ಸಂಖ್ಯೆಯ ಸಾಲು (ಓದಲು ತಡವರಿಸಿದ ಭಾಗಗಳು). ಎರಡರಲ್ಲೂ ಎಷ್ಟಿದೆ?

ಮಳೆಪಟ್ಟಿ, ನಾಪೋಕ್ಲು

ಹಾರ್ಡ್‌ಡಿಸ್ಕ್‌ನಲ್ಲಿ 5ನೆಯದು ಸೊನ್ನೆ. 197ನೆಯದು 8. ಎಸ್‌ಎಸ್‌ಡಿಯಲ್ಲಿ ಏನೂ ದೂರಿಲ್ಲ.

ಪ್ರಯೋಗಾಲಯ, ಕುಶಾಲನಗರ

ಹಾರ್ಡ್‌ಡಿಸ್ಕ್‌ನ 8 ಭಾಗಗಳನ್ನು ಓದಲು ಅದು ತಡವರಿಸಿದೆ, ಇನ್ನೂ ತೀರ್ಮಾನಕ್ಕೆ ಬಂದಿಲ್ಲ ಎಂದರ್ಥ. ಕರೆಂಟ್ ಹೊಡೆತಕ್ಕೆ ಬರೆಯುವಾಗಲೇ ನಿಂತಿದ್ದರಿಂದಲೂ ಹಾಗಾಗಬಹುದು, ಮುಪ್ಪಿನಿಂದಲೂ ಆಗಬಹುದು. ನಿಮ್ಮ ಯಂತ್ರ ಏಳದಿದ್ದದ್ದಕ್ಕೆ ಇದು ಕಾರಣವಲ್ಲ. ಆದರೂ ಆ ಡಿಸ್ಕ್ ಮೇಲೆ ಇನ್ನು ಮಳೆಯ ಪಟ್ಟಿ ಇಡಬೇಡಿ. ನಕಲು ಮುಗಿಯಲಿ. ಎರಡು ಕಡೆ ಇರಲಿ, ಒಂದು ಕಡೆ ಮನೆಯ ಹೊರಗೆ. 2018ರ ಆಗಸ್ಟ್‌ನಲ್ಲಿ ಮನೆಯೇ ಜಾರಿಹೋದವರನ್ನು ಕಂಡ ಜಿಲ್ಲೆ ನಮ್ಮದು.

ಮಳೆಪಟ್ಟಿ, ನಾಪೋಕ್ಲು

ನಕಲು ಮುಗಿಯಿತು. ಒಂದು ಪ್ರತಿ ತಂಗಿಯ ಮನೆಗೆ ಮೈಸೂರಿಗೆ ಹೋಗುತ್ತದೆ. ಆಮೇಲೆ ಬ್ಯಾಟರಿ ಕಿತ್ತು ಮೀಟರ್ ಇಟ್ಟೆ: 1.4 ವೋಲ್ಟ್. ಹೊಸದು ಹಾಕಿ, ಡಿಲೀಟ್ ಕೀಲಿ ಒತ್ತಿ ಬಯಾಸ್ ಒಳಗೆ ಹೋಗಿ, ಡಿಸ್ಕ್‌ನ ಹೊಂದಿಕೆ ನೋಡಿದರೆ ಹೇಳಿದಂತೆಯೇ ಐಡಿಇ. ಎಎಚ್‌ಸಿಐ ಮಾಡಿದೆ, ಆರಂಭದ ಕ್ರಮದಲ್ಲಿ ಎಸ್‌ಎಸ್‌ಡಿಯನ್ನು ಮೊದಲಿಗೆ ತಂದೆ, ದಿನಾಂಕ ಸರಿಮಾಡಿ ಎಫ್10 ಒತ್ತಿ ಉಳಿಸಿದೆ. ವಿಂಡೋಸ್ ಎದ್ದಿತು. ಏನೂ ಆಗಿಲ್ಲವೆಂಬಂತೆ ನನ್ನ ಹಳೆಯ ಪರದೆಚಿತ್ರ ತೋರಿಸಿತು.

ಅಂಗಡಿಯವರು ಮತ್ತೆ ಫೋನ್ ಮಾಡಿ ಯಾವಾಗ ತರುತ್ತೀರಿ ಎಂದು ಕೇಳಿದರು. ಮಳೆ ನಿಲ್ಲಲಿ ಎಂದೆ.

ಹಳೆಬೆಸುಗೆ, ವಿರಾಜಪೇಟೆ

ಮೊದಲನೆಯ ಸ್ಲಾಟ್ ಮರೆಯಬೇಡಿ. ಒಳಗೆ ಟಾರ್ಚ್ ಬಿಟ್ಟು ನೋಡಿ, ಇರುವೆಯ ಕಾಲೋ ಬೂಷ್ಟೋ ಪಿನ್‌ಗಳ ನಡುವೆ ಇರುತ್ತದೆ. ಒಣ ಕುಂಚದಿಂದ ತೆಗೆದು ಮತ್ತೊಮ್ಮೆ ನೋಡಿ. ಆಗದಿದ್ದರೆ 4 ಜಿಬಿಯಲ್ಲೇ ನಡೆಸಿ. ಇನ್ನು ಮೇಲೆ ಮಳೆಗಾಲದಲ್ಲಿ ಸಿಡಿಲಿಲ್ಲದ ದಿನ ಒಂದು ಗಂಟೆಯಾದರೂ ಯಂತ್ರ ಹಚ್ಚಿಡಿ. ಅದರ ಒಳಶಾಖವೇ ಅದನ್ನು ಒಣಗಿಸುತ್ತದೆ. ಸಿಡಿಲಿದ್ದಾಗ ಕರೆಂಟ್ ಪ್ಲಗ್ ಮಾತ್ರ ಕಿತ್ತರೆ ಸಾಲದು, ಇಂಟರ್‌ನೆಟ್ ತಂತಿಯನ್ನೂ ಕೀಳಿ. ಪ್ಲಗ್ ಕಿತ್ತಿದ್ದರೂ ನೆಟ್‌ವರ್ಕ್ ಪೋರ್ಟ್ ಸುಟ್ಟ ಬೋರ್ಡ್‌ಗಳು ನನ್ನ ಮೇಜಿಗೆ ಬೇಕಾದಷ್ಟು ಬಂದಿವೆ.

ಟೈಪಿಂಗ್‌ಮೇಜು, ಗೋಣಿಕೊಪ್ಪ

ಇದನ್ನೆಲ್ಲ ಓದಿ ನಾನೂ ಅಂಗಡಿಯ ಲ್ಯಾಪ್‌ಟಾಪ್‌ನ ಬಯಾಸ್ ಮೂಲಸ್ಥಿತಿಗೆ ತಂದೆ, ಅದು ಸುಮ್ಮನೆ ನಿಧಾನವಾಗಿತ್ತು. ಈಗ ವಿಂಡೋಸ್ 11 ಏಳುವ ಬದಲು ನೀಲಿ ಪರದೆಯಲ್ಲಿ ‘ಬಿಟ್‌ಲಾಕರ್ ರಿಕವರಿ’ ಎಂದು 48 ಅಂಕಿಗಳ ಕೀಲಿ ಕೇಳುತ್ತಿದೆ. ನಾನು ಅಂಥ ಕೀಲಿಯನ್ನು ಎಂದೂ ಇಟ್ಟವಳಲ್ಲ.

ಪ್ರಯೋಗಾಲಯ, ಕುಶಾಲನಗರ

ನೀವು ಇಟ್ಟಿಲ್ಲ, ವಿಂಡೋಸ್ ತಾನೇ ಇಟ್ಟಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಬಂದರೆ ಡಿಸ್ಕ್‌ಗೆ ಬೀಗ ಬೀಳುತ್ತದೆ, ಕೀಲಿ ಆ ಖಾತೆಯಲ್ಲಿ ಉಳಿಯುತ್ತದೆ. ಬಯಾಸ್ ಬದಲಾದದ್ದನ್ನು ಕಂಡು ಕಳ್ಳನಿರಬಹುದೆಂದು ಕೇಳುತ್ತಿದೆ. ಮೊಬೈಲ್‌ನಲ್ಲಿ ಅದೇ ಖಾತೆಗೆ ಹೋಗಿ ಸಾಧನಗಳ ಪುಟದಲ್ಲಿ ರಿಕವರಿ ಕೀಲಿ ಹುಡುಕಿ. ಪರದೆಯಲ್ಲಿ ಕಾಣುವ ಕೀಲಿ ಗುರುತಿನ ಮೊದಲ 8 ಅಕ್ಷರಗಳು ತಾಳೆಯಾಗಬೇಕು. ಲ್ಯಾಪ್‌ಟಾಪ್ ಮೊದಲು ಯಾರ ಖಾತೆಯಲ್ಲಿ ಶುರುವಾಯಿತೋ ಅವರ ಖಾತೆಯಲ್ಲಿರುತ್ತದೆ. ಮಗನೋ ತಮ್ಮನೋ ಮಾಡಿಕೊಟ್ಟಿದ್ದರೆ ಅವರನ್ನು ಕೇಳಿ. ಎಲ್ಲೂ ಸಿಗದಿದ್ದರೆ ಆ ಡಿಸ್ಕ್ ಓದಲು ಬೇರೆ ದಾರಿಯಿಲ್ಲ, ಮಾಡಿಕೊಡುತ್ತೇನೆಂದು ಹಣ ಕೇಳುವವರನ್ನು ನಂಬಬೇಡಿ.

ಟೈಪಿಂಗ್‌ಮೇಜು, ಗೋಣಿಕೊಪ್ಪ

ತಮ್ಮನ ಖಾತೆಯಲ್ಲಿತ್ತು. ಅವನು ಗಲ್ಫ್‌ನಲ್ಲಿದ್ದಾನೆ, ಅಂಕಿಗಳನ್ನು ಓದಿ ಹೇಳಲು ರಾತ್ರಿಯ ತನಕ ಕಾಯಿಸಿದ. ಈಗ ಕಾಗದದಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇನೆ.

ಮಂಜಿನೂರು, ಮಡಿಕೇರಿ

ನನ್ನದು ಬೇರೆ ತಾಪತ್ರಯ. ಇನ್ವರ್ಟರ್ ಇದೆ, ಆದರೂ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ದೀಪ, ಫ್ಯಾನ್ ಆರುವುದಿಲ್ಲ. ಎಸ್‌ಎಂಪಿಎಸ್ ಬದಲಿಸಲೇ?

ಹಳೆಬೆಸುಗೆ, ವಿರಾಜಪೇಟೆ

ಇನ್ವರ್ಟರ್‌ನ ಹಿಂಬದಿ ನೋಡಿ. ಯುಪಿಎಸ್, ಇಕೋ ಎಂದು ಎರಡು ಸ್ಥಾನಗಳ ಸ್ವಿಚ್ ಇರುತ್ತದೆ. ಇಕೋದಲ್ಲಿದ್ದರೆ ವೋಲ್ಟೇಜ್ 100ರ ಹತ್ತಿರ ಇಳಿಯುವ ತನಕ ಅದು ಬ್ಯಾಟರಿಗೆ ಬದಲಾಯಿಸುವುದಿಲ್ಲ, ಬದಲಾಯಿಸುವಾಗಲೂ ನಿಧಾನ. ಎಸ್‌ಎಂಪಿಎಸ್ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಯುಪಿಎಸ್ ಸ್ಥಾನಕ್ಕೆ ತಂದರೆ 180ಕ್ಕೇ ಬದಲಾಯಿಸುತ್ತದೆ, ಬೇಗವೂ ಬದಲಾಯಿಸುತ್ತದೆ. ಸಂಜೆ ಹೊತ್ತು ವೋಲ್ಟೇಜ್ 180ಕ್ಕಿಂತ ಕೆಳಗೆ ಇರುವ ಊರಾದರೆ ಇನ್ವರ್ಟರ್ ಬ್ಯಾಟರಿ ಬೇಗ ಇಳಿಯುತ್ತದೆ, ಅದನ್ನು ಲೆಕ್ಕದಲ್ಲಿಡಿ. ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದು ಕಂಪ್ಯೂಟರ್‌ನಲ್ಲಿ ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನು ನಯವಾದ ಅಲೆಯಂತೆ ಎಳೆಯುವ ಏರ್ಪಾಡು) ಇರುವ ಎಸ್‌ಎಂಪಿಎಸ್ ಇದ್ದರೆ ಸ್ವಿಚ್ ತಿರುಗಿಸಿದರೂ ಆರಬಹುದು. ಆಗ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಬೇಕು.

ಏಲಕ್ಕಿಮಲೆ, ಸೋಮವಾರಪೇಟೆ

ನಾನು ಹೊಸದು ಕೊಳ್ಳಿ ಎಂದವನು. ನಮ್ಮ ಮನೆಯ ಯಂತ್ರವೂ ದಿನಾಂಕ ತಪ್ಪುತ್ತಿದೆ ಎಂದು ಈಗ ಗಮನಿಸಿದೆ. ಆ ನಾಣ್ಯ ಇಲ್ಲಿ ಎಲ್ಲಿ ಸಿಗುತ್ತದೆ? ಮೊಬೈಲ್ ಅಂಗಡಿಯಲ್ಲಿ 2025 ಎಂದು ಬರೆದದ್ದು ಕೊಟ್ಟು ಎರಡೂ ಒಂದೇ ಎನ್ನುತ್ತಾರೆ.

ಮಳೆಪಟ್ಟಿ, ನಾಪೋಕ್ಲು

ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೇಳಿ, ನನಗೆ ಅಲ್ಲೇ ಸಿಕ್ಕಿತು. 2025 ತೆಗೆದುಕೊಳ್ಳಬೇಡಿ. ಅಗಲ ಎರಡಕ್ಕೂ 20 ಮಿಲಿಮೀಟರ್, ದಪ್ಪ ಮಾತ್ರ 2032ಕ್ಕೆ 3.2, 2025ಕ್ಕೆ 2.5. ತೆಳ್ಳಗಿನದು ಹಿಡಿಕೆಯಲ್ಲಿ ಸಡಿಲವಾಗಿ ಕೂತು ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ. ಅಂಗಡಿಯಲ್ಲೇ ಮೀಟರ್ ಇಡಿಸಿ ನೋಡಿ, 3 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಬೇರೆ ಕೇಳಿ. ನನಗೆ ಮೊದಲು ಕೊಟ್ಟದ್ದು ಪ್ಯಾಕೆಟ್‌ನೊಳಗೇ ಇಳಿದುಹೋಗಿತ್ತು.